ಪಾರಣೆಯ ತುತ್ತು, ಕುತ್ತಿಗೆಯ ಸದ್ದು

ಮೊದಲಿಗೆ ಓದುಗರಲ್ಲಿ ಒಂದು ವಿನಂತಿ. ನಾನು ವೈದ್ಯನಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮುಖ ಕಂಡವರಲ್ಲಿ ನಾನೇ ಮೊದಲಿಗನಾದ್ದರಿಂದ, ಮನೆಯವರಿಗೆ ಅರ್ಥವಾಗದ ಪ್ರತಿಯೊಂದಕ್ಕೂ ಅರ್ಥ ಹೇಳುವ ಹೊಣೆ ನನ್ನ ತಲೆಗೆ ಬಂದಿತ್ತು, ಅಷ್ಟೆ. ಮಿದುಳಿಗೆ ರಕ್ತ ಒಯ್ಯುವ ನಾಳ ಕಿರಿದಾಗುವ ಕಾಯಿಲೆಯನ್ನು ಕುರಿತು ಇಲ್ಲಿ ಬರೆದಿರುವುದೆಲ್ಲ ಇಬ್ಬರು ಡಾಕ್ಟರುಗಳ ಬಾಯಿಂದ ಕೇಳಿ, ನನ್ನ ತಿಳಿವಳಿಕೆಗೆ ನಿಲುಕಿದಷ್ಟನ್ನು ನೆನಪಿನಲ್ಲಿ ಇಟ್ಟುಕೊಂಡದ್ದು. ಹೇಳುವುದರಲ್ಲಿ ಹೆಚ್ಚುಕಡಿಮೆಯಾಗಿದ್ದರೆ, ಪದ ತಪ್ಪಿದ್ದರೆ, ಬಲ್ಲವರು ಮನ್ನಿಸಬೇಕು. ಮನೆಯೊಳಗೆ ನಡೆದದ್ದನ್ನು ಹೇಳುವಲ್ಲಿ ಮಾತ್ರ ತಪ್ಪಿಲ್ಲವೆಂದು ನಂಬಿದ್ದೇನೆ. ಅದು ನಾನು ಕಣ್ಣಾರೆ ಕಂಡದ್ದು.

ಸಾವಿರದ ಒಂಬೈನೂರ ಐವತ್ತರ ದಶಕದ ಕೊನೆಯ ವರ್ಷಗಳವು. ಹೊಸನಗರದ ಪೇಟೆಬೀದಿಯಲ್ಲಿ ನಮ್ಮದೊಂದು ಜವಳಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ನಾನು ಪದವಿ ಮುಗಿಸಿ ತೀರ್ಥಹಳ್ಳಿಯ ಹೈಸ್ಕೂಲೊಂದರಲ್ಲಿ ಉಪಾಧ್ಯಾಯನಾಗಿದ್ದೆ, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆ. ಮನೆಯಲ್ಲಿ ಅಪ್ಪಯ್ಯ, ಅಮ್ಮ ಮತ್ತು ಅಪ್ಪಯ್ಯನ ತಂಗಿಯಾದ ನಮ್ಮ ಅತ್ತೆ ಇದ್ದರು. ಅತ್ತೆಯನ್ನು ಸಾಗರದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಆ ಮನೆಯವರು ಆಕೆಯನ್ನು ಒಂದು ಟ್ರಂಕಿನ ಸಮೇತ ಬಸ್ಸಿಗೆ ಹತ್ತಿಸಿ ಕಳಿಸಿದ್ದರು. ಅಂದಿನಿಂದ ನಮ್ಮ ಅಡಿಗೆಮನೆ ಆಕೆಯದು.

ಆ ಹಳ್ಳಿಯ ಆ ಮನೆಗೆ ಒಂದು ಅಪಖ್ಯಾತಿಯಿತ್ತು. ಅದು ‘ಮದ್ದಿನ ಮನೆ’ ಎಂದು ಜನ ಹೇಳುತ್ತಿದ್ದರು. ನಮ್ಮ ಕಡೆಯ ನಂಬಿಕೆಯ ಪ್ರಕಾರ ಕೆಲವು ಮನೆಗಳಲ್ಲಿ ಕೈಮದ್ದು ಇರುತ್ತದೆ. ಅದನ್ನು ಇಟ್ಟುಕೊಂಡವರು ಆಗಾಗ ಯಾರಿಗಾದರೂ ಅನ್ನದಲ್ಲಿಯೋ ನೀರಿನಲ್ಲಿಯೋ ಹಾಕಲೇಬೇಕು, ಇಲ್ಲದಿದ್ದರೆ ಅದು ಇಟ್ಟುಕೊಂಡವರನ್ನೇ ತಿನ್ನುತ್ತದೆ. ಹೊರಗಿನವರು ಸಿಗದಿದ್ದರೆ ಸ್ವಂತದವರಿಗಾದರೂ ಹಾಕುತ್ತಾರಂತೆ. ಮದ್ದು ತಿಂದವರು ದಿನೇದಿನೇ ಕುಗ್ಗುತ್ತಾರೆ, ಯಾವ ಡಾಕ್ಟರ ಕೈಗೂ ಸಿಗದ ಕಾಯಿಲೆಯಿಂದ ಸಾಯುತ್ತಾರೆ. ಅಂಥ ಮನೆಯಲ್ಲಿ ಬಾಳಿ ಬಂದ ಹೆಂಗಸು ನಮ್ಮ ಅತ್ತೆ. ಅಪ್ಪಯ್ಯ ಆರೋಗ್ಯವಾಗಿದ್ದಷ್ಟು ದಿನ ಈ ವಿಷಯ ಯಾರ ಬಾಯಲ್ಲೂ ಬರಲಿಲ್ಲ.

ನಾವು ಜೈನರು. ಅಪ್ಪಯ್ಯ ಅಷ್ಟಮಿ, ಚತುರ್ದಶಿಗಳಂದು ನಿರ್ಜಲ ಉಪವಾಸ ಮಾಡುತ್ತಿದ್ದರು. ಹಿಂದಿನ ದಿನ ಸೂರ್ಯ ಮುಳುಗುವ ಮುನ್ನ ಊಟ ಮುಗಿಸಿದರೆ, ಮರುದಿನ ಇಡೀ ಒಂದು ತೊಟ್ಟು ನೀರಿಲ್ಲ. ಅದರ ಮಾರನೆಯ ಬೆಳಿಗ್ಗೆ ಬಸದಿಗೆ ನಡೆದುಹೋಗಿ, ಅಭಿಷೇಕ ಮುಗಿದು ಗಂಧೋದಕ ಹಣೆಗೆ ಹಚ್ಚಿಕೊಂಡು, ಮನೆಗೆ ಬಂದು ಪಾರಣೆ. ಬಸದಿಯ ದಾರಿ ಏರು. ಪಾರಣೆಗೆ ಅತ್ತೆ ಹೆಸರುಬೇಳೆಯ ತೊವ್ವೆ, ಮೆತ್ತಗಿನ ಅನ್ನ, ತುಪ್ಪ ಇಟ್ಟು ಕಾಯುತ್ತಿದ್ದರು. ಅಣ್ಣನ ಉಪವಾಸವನ್ನು ತಾನೇ ಬಿಡಿಸಬೇಕೆಂಬುದು ಆಕೆಗೆ ಒಂದು ಹಟ.

ಮೊದಲ ಸಲ ಅದು ಆದಾಗ ನಾನು ಮನೆಯಲ್ಲಿಯೇ ಇದ್ದೆ. ಅಪ್ಪಯ್ಯ ಎಲೆಯ ಮುಂದೆ ಕೂತು ತುತ್ತು ಕಲಸಿದರು. ಕೈ ಅರ್ಧ ಮೇಲೆದ್ದು, ಹೇಳಕೇಳದೆ ಎಲೆಯ ಮೇಲೆ ಬಿತ್ತು. ಬಾಯಿ ತೆರೆದು ಏನೋ ಹೇಳಲು ಹೋದರು. ಬಂದದ್ದು ಮಾತಲ್ಲ, ತೊದಲು. ಅತ್ತೆ ಸೌಟು ಹಿಡಿದೇ ನಿಂತರು. ಅಮ್ಮ ಓಡಿಬಂದು ನೀರು ಕುಡಿಸಿ, ಬೆನ್ನು ಸವರಿದರು. ಸ್ವಲ್ಪ ಹೊತ್ತಿಗೆಲ್ಲ ಕೈ ತನ್ನಷ್ಟಕ್ಕೆ ತಾನೇ ಸರಿಯಾಯಿತು, ಮಾತೂ ಬಂತು.

“ಎಂಥದೂ ಇಲ್ಲ, ಬೆಳಿಗ್ಗೆಯಿಂದ ಕೈ ಜೋಮು” ಎಂದು ಅಪ್ಪಯ್ಯ ಉಳಿದ ಅನ್ನ ಉಂಡರು.

ಅಮ್ಮನ ಕಣ್ಣು ಅಪ್ಪಯ್ಯನ ಕೈ ಮೇಲೆ ಇರಲಿಲ್ಲ, ಎಲೆಯ ಮೇಲೆ ಇತ್ತು.

ಮತ್ತೊಂದು ಪಾರಣೆಯಂದು ಹಾಗೆಯೇ ಆಯಿತು. ಆಮೇಲೆ ಒಂದು ದಿನ ಬಸದಿಯಿಂದ ಬರುವಾಗ ಅಪ್ಪಯ್ಯನ ಎಡಗಣ್ಣಿಗೆ ಮೇಲಿನಿಂದ ಪರದೆ ಇಳಿದ ಹಾಗಾಗಿ, ಗೋಡೆ ಹಿಡಿದು ನಿಂತು, ಪರದೆ ಎದ್ದ ಮೇಲೆ ಮನೆಗೆ ಬಂದರು. ಊರಿನ ಔಷಧಾಲಯದಲ್ಲಿ ಒಂದು ಕೆಂಪು ಮಿಕ್ಚರ್ ಕೊಟ್ಟರು. ಅಲ್ಲಿಗೆ ಹೋದಾಗಲೆಲ್ಲ ಅಪ್ಪಯ್ಯ ಕಲ್ಲುಗುಂಡಿನಂತೆ ಇರುತ್ತಿದ್ದರು, ಪರೀಕ್ಷೆ ಮಾಡಿದರೆ ಎಂಥದೂ ಸಿಗುತ್ತಿರಲಿಲ್ಲ. ಇದೇ ಅಮ್ಮನ ಸಂಶಯಕ್ಕೆ ನೀರೆರೆಯಿತು.

ಒಂದು ಮಧ್ಯಾಹ್ನ ಅಮ್ಮ ನನ್ನನ್ನು ಅಂಗಡಿಯ ದಾಸ್ತಾನಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ನೀನು ಓದಿದವನು, ನೀನೇ ಹೇಳು. ರೋಗ ಅಂದ್ರೆ ಒಂದು ಕಡೆ ಇರ್ತದೆ ಅಲ್ವಾ? ಇವರಿಗೆ ಒಂದಿನ ಬಲಗೈ, ಒಂದಿನ ಎಡಗಣ್ಣು. ಬತ್ತದೆ, ಹೋಗ್ತದೆ. ಡಾಕ್ಟ್ರು ನೋಡಿದ್ರೆ ಅಡಗಿ ಕೂರ್ತದೆ. ಇದು ರೋಗ ಅಲ್ಲ ಮಗ. ಇದು ಆಟ ಆಡಿಸ್ತಾ ಇರೋದು.”

“ಯಾರು ಆಡಿಸ್ತಾ ಇರೋದು?”

“ಪಾರಣೆ ಊಟ ಯಾರ ಕೈದು?”

ಕೈಮದ್ದನ್ನು ನಾನು ನಂಬುತ್ತಿರಲಿಲ್ಲ. ಆದರೆ ಬಲಗೈಗೂ ಎಡಗಣ್ಣಿಗೂ ಏನು ಸಂಬಂಧವೆಂದು ನಾನು ಓದಿದ ಪುಸ್ತಕ ಯಾವುದೂ ಹೇಳಿರಲಿಲ್ಲ. ನಂಬಿಕೆ ಇಲ್ಲದ ಕಡೆ ತಿಳಿವಳಿಕೆಯೂ ಇಲ್ಲದಿದ್ದರೆ ಅಲ್ಲಿ ಸಂಶಯ ಸುಲಭವಾಗಿ ಮನೆಮಾಡುತ್ತದೆ. ಆ ಸಂಜೆ ಅತ್ತೆ ನನಗೆ ಬಡಿಸುವಾಗ ಆಕೆಯ ಬೆರಳುಗಳನ್ನೇ ನೋಡುತ್ತಿದ್ದೆ.

ಅಮ್ಮ ಹೆಚ್ಚು ಕಾಯಲಿಲ್ಲ. ಮುಂದಿನ ಉಪವಾಸಕ್ಕೆ ಪಾರಣೆಯ ಅಡಿಗೆ ತಾನೇ ಮಾಡುವೆನೆಂದರು. ಅತ್ತೆಗೆ ಅರ್ಥವಾಯಿತು. ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಯ ಹೊಸ್ತಿಲ ಹೊರಗೆ ಕೂತರು.

“ಅತ್ತಿಗೆ, ಮದ್ದು ಹಾಕೋ ವಿದ್ಯೆ ನಂಗೆ ಬರೋ ಹಾಗಿದ್ರೆ ಮೊದಲು ಗಂಡನ ಅಣ್ಣ, ನಮ್ಮ ಭಾವಂಗೆ ಹಾಕ್ತಿದ್ದೆ. ಟ್ರಂಕು ಹೊರಗೆ ಇಟ್ಟೋನು ಅವನು. ನಾನು ಅದನ್ನ ಅಷ್ಟು ದೂರದಿಂದ ಅಣ್ಣನವರೆಗೆ ಹೊತ್ಕೊಂಡು ಬತ್ತಿದ್ನಾ?”

“ನಾನು ಮದ್ದು ಅಂದ್ನಾ? ನಿನ್ನ ಬಾಯಲ್ಲೇ ಬಂತು ನೋಡು” ಎಂದರು ಅಮ್ಮ.

ಅಮ್ಮನ ಕೈಯ ಪಾರಣೆಯಲ್ಲಿಯೂ ಅಪ್ಪಯ್ಯನ ಕೈ ಬಿತ್ತು. ಇನ್ನಾದರೂ ಸಂಶಯ ಮುಗಿಯಿತೆಂದುಕೊಂಡೆ. ಅಮ್ಮ ಹೇಳಿದ್ದು ಬೇರೆ: “ಹಳೇ ಮದ್ದು ಹೊಟ್ಟೇಲೇ ಕೂತದೆ. ಹೊಸದು ಹಾಕೋದು ಬೇಕೇ ಇಲ್ಲ.” ಆ ತರ್ಕಕ್ಕೆ ಎದುರು ತರ್ಕವನ್ನು ನಾನು ಈವರೆಗೂ ಕಂಡಿಲ್ಲ. ಮದ್ದು ತೆಗೆಸಿದ ಮೇಲೆ ಅತ್ತೆಯನ್ನು ಸಾಗರದ ಕಡೆಯ ಆ ಮನೆಗೇ ಕಳಿಸಬೇಕೆಂದು ಅಮ್ಮ ಅಪ್ಪಯ್ಯನಿಗೆ ಹೇಳಿದರು. ಅಲ್ಲಿ ಆಕೆಯನ್ನು ಒಳಗೆ ಬಿಡುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಪ್ಪಯ್ಯ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಆ ಮೌನವನ್ನು ಅತ್ತೆ ಕೇಳಿಸಿಕೊಂಡು, ಅಟ್ಟದ ಮೇಲಿದ್ದ ಟ್ರಂಕನ್ನು ಇಳಿಸಿ ಧೂಳು ಒರೆಸಿದರು.

ತೀರ್ಥಹಳ್ಳಿಗೆ ಹೋಗುವ ದಾರಿಯಿಂದ ಒಳಗೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವ ಮುದುಕನೊಬ್ಬನಿದ್ದ. ಅಪ್ಪಯ್ಯ, ಅಮ್ಮ, ನಾನು ಅಲ್ಲಿಗೆ ಹೋದೆವು. ಆತ ಅಪ್ಪಯ್ಯನ ಅಂಗೈಯಲ್ಲಿ ಯಾವುದೋ ಸೊಪ್ಪಿನ ರಸ ಹಿಂಡಿದ. ರಸ ಗಟ್ಟಿಯಾದರೆ ಹೊಟ್ಟೆಯಲ್ಲಿ ಮದ್ದು ಇದೆ ಎಂದು ಲೆಕ್ಕ. ರಸ ಗಟ್ಟಿಯಾಯಿತು. ಪಕ್ಕದಲ್ಲಿದ್ದ ನಾನು ನನ್ನ ಅಂಗೈಯನ್ನೂ ಚಾಚಿ, “ನಂಗೂ ಹಾಕಿ ನೋಡಿ” ಎಂದೆ.

“ಸಂಶಯ ಇದ್ದೋರಿಗೆ ಹಾಕಬಾರ್ದು” ಎಂದ ಆತ ಶಾಂತವಾಗಿ.

ಅಮ್ಮ ಕೇಳಿದರು: “ಯಾರ ಕೈ ಇದು?”

“ಹೆಂಗಸಿಂದು.”

“ಯಾವ ಮನೆ ಹೆಂಗಸು?”

“ಅದು ನಾ ಹೇಳಬಾರ್ದು ಅಮ್ಮಾ. ಉಂಡೋರಿಗೇ ಗೊತ್ತಿರ್ತದೆ.”

ಆಮೇಲೆ ಕಷಾಯ ಕುಡಿಸಿದ. ಅಪ್ಪಯ್ಯ ಅಂಗಳದ ಮೂಲೆಯಲ್ಲಿ ಕೂತು, ಹೊಟ್ಟೆಯಲ್ಲಿ ಏನೂ ಉಳಿಯದಂತೆ ವಾಂತಿ ಮಾಡಿದರು. ಆತ ಕಡ್ಡಿಯಿಂದ ಕೆದಕಿ ಕಪ್ಪಗಿನ ಒಂದು ಗಂಟನ್ನು ತೋರಿಸಿ, “ಬಿತ್ತು” ಎಂದ. ಅಮ್ಮ ಕೈಮುಗಿದರು. ಅಪ್ಪಯ್ಯ ಏಳಲು ಹೋಗಿ ಅಲ್ಲಿಯೇ ಕುಸಿದರು. ಈ ಸಲ ಬಲಗೈಯ ಜೊತೆಗೆ ಬಲಗಾಲೂ ಬಿದ್ದಿತ್ತು, ಬಾಯಿ ಓರೆಯಾಗಿತ್ತು. ಹಿಂದಿನ ಸಲಗಳಂತೆ ಬೇಗ ಬಿಡಲಿಲ್ಲ. ಗಾಡಿಯಲ್ಲಿ ಮಲಗಿಸಿ, ಎಳನೀರನ್ನು ಚಮಚೆಯಿಂದ ಕುಡಿಸುತ್ತ ಕರೆತಂದೆವು. ಮನೆ ಸೇರುವ ಹೊತ್ತಿಗೆ ಕೈ ಆಡತೊಡಗಿತು. ಮಾತು ಪೂರ್ತಿ ಮರಳಲು ಮರುದಿನವಾಯಿತು.

ಮದ್ದು ಬಿದ್ದ ಮೇಲೆಯೇ ಕಾಯಿಲೆ ಹೆಚ್ಚಾಯಿತೆಂದರೆ ಬಿದ್ದದ್ದು ಏನು? ಈ ಪ್ರಶ್ನೆಯನ್ನು ನಾನು ಎಲ್ಲರೆದುರಿಗೆ ಕೇಳಿದೆ. ಸಾಗರದಲ್ಲಿ ಹೊಸದಾಗಿ ಒಬ್ಬ ಡಾಕ್ಟರು ದವಾಖಾನೆ ತೆರೆದಿದ್ದಾರೆ, ನರಗಳ ವಿಷಯ ಬಲ್ಲವರು ಎಂದು ತೀರ್ಥಹಳ್ಳಿಯಲ್ಲಿ ಕೇಳಿದ್ದೆ. ಅಪ್ಪಯ್ಯ ಸ್ವಲ್ಪ ಗಟ್ಟಿಯಾದ ಮೇಲೆ ಇಬ್ಬರೂ ಸಾಗರದ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಲಿಂಗನಮಕ್ಕಿಯ ಮಾತು. ಅಣೆಕಟ್ಟು ಬಂದರೆ ಈ ರಸ್ತೆಯೇ ಮುಳುಗುತ್ತದೆ ಎಂದು ಒಬ್ಬರು, ಅದೆಲ್ಲ ಜಮೀನು ಬಿಡಿಸಲು ಹೂಡಿದ ಆಟ ಎಂದು ಇನ್ನೊಬ್ಬರು. ಆ ವರ್ಷ ನಮ್ಮ ಕಡೆ ಯಾರೂ ಯಾವುದನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ.

ಡಾಕ್ಟರು ಮೈಸೂರು ಕಡೆಯವರು, ನಡುವಯಸ್ಸಿನವರು. ಎರಡೂ ತೋಳಿಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ನೋಡಿದರು. ಸಣ್ಣ ದೀಪದ ಉಪಕರಣ ಹಿಡಿದು ಕಣ್ಣಿನೊಳಗೆ ಇಣುಕಿದರು. ಆಮೇಲೆ ಸ್ಟೆತಾಸ್ಕೋಪನ್ನು ಎದೆಗಲ್ಲ, ಕುತ್ತಿಗೆಗೆ ಇಟ್ಟರು. ದವಡೆಯ ಕೆಳಗೆ, ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ. ಎಡಗಡೆ ಬಹಳ ಹೊತ್ತು ಇಟ್ಟುಕೊಂಡೇ ಇದ್ದರು.

ಅಪ್ಪಯ್ಯನಿಗೆ ಸಂಶಯ. “ಎದೆ ಇರೋದು ಕೆಳಗೆ ಅಲ್ವಾ ಡಾಕ್ಟ್ರೇ?”

“ಎದೆ ಆಮೇಲೆ ಕೇಳೋಣ ಯಜಮಾನ್ರೇ. ಕುತ್ತಿಗೆ ಏನೋ ಹೇಳ್ತಾ ಇದೆ. ಸ್ವಲ್ಪ ಉಸಿರು ಹಿಡೀರಿ.” ಆಮೇಲೆ ನನ್ನ ಕಡೆ ತಿರುಗಿ, “ನೀವೂ ಕೇಳ್ತೀರೇನ್ರೀ ಮೇಷ್ಟ್ರೇ?” ಎಂದು ಕೊಳವೆಗಳನ್ನು ನನ್ನ ಕಿವಿಗೆ ಕೊಟ್ಟರು.

ಬಲಗಡೆ ಏನೂ ಇಲ್ಲ. ಎಡಗಡೆ ನಾಡಿ ಬಡಿದಾಗಲೆಲ್ಲ ಸುಯ್, ಸುಯ್ ಎಂಬ ಸಣ್ಣ ಸದ್ದು. ಇಕ್ಕಟ್ಟಾದ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ.

ಡಾಕ್ಟರು ಪ್ರಶ್ನೆ ಕೇಳುತ್ತಾ ಹೋದರು. ಯಾವಾಗ ಬರುತ್ತದೆ? ಪಾರಣೆಯ ದಿನ. ಪಾರಣೆ ಎಂದರೇನು? ನಾನು ವಿವರಿಸಿದೆ. ನೀರೂ ಇಲ್ಲವೇ? ಇಲ್ಲ. ಕಣ್ಣು ಮಬ್ಬಾದದ್ದು ಯಾವುದು? ಎಡದ್ದು. ಕೈ ಬಿದ್ದದ್ದು? ಬಲದ್ದು. ಇಲ್ಲಿಗೆ ಅಮ್ಮನ ಮಾತನ್ನು ನಾನೇ ಮುಂದಿಟ್ಟೆ: ಎಡಗಣ್ಣು, ಬಲಗೈ, ಇದು ಹೇಗೆ ಒಂದೇ ರೋಗವಾದೀತು?

“ಒಂದೇ ಆದ್ರಿಂದ್ಲೇ ಹೀಗಾಗೋದು ಕಣ್ರೀ” ಎಂದರು ಡಾಕ್ಟರು. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ಆಡಿಸುತ್ತದೆ. ಮಾತೂ ಸಾಮಾನ್ಯವಾಗಿ ಎಡಭಾಗದ್ದೇ. ಕುತ್ತಿಗೆಯ ಎಡಗಡೆಯ ದೊಡ್ಡ ರಕ್ತನಾಳ ಆ ಎಡಮಿದುಳಿಗೂ ಎಡಗಣ್ಣಿಗೂ ರಕ್ತ ಒಯ್ಯುತ್ತದೆ. ಆ ನಾಳ ಒಳಗಿನಿಂದ ಕಿರಿದಾದರೆ ಬಲಗೈ ಬೀಳಬಹುದು, ಮಾತು ನಿಲ್ಲಬಹುದು, ಎಡಗಣ್ಣು ಮಬ್ಬಾಗಬಹುದು. ಅಮ್ಮನಿಗೆ ಯಾವುದು ಮಾಟದ ಗುರುತಾಗಿ ಕಂಡಿತ್ತೋ ಅದೇ ಈ ಮನುಷ್ಯನಿಗೆ ರೋಗದ ವಿಳಾಸವಾಗಿತ್ತು.

ಆಮೇಲೆ ಡಾಕ್ಟರು ಕೇಳಿದ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

“ಕೈ ಬೀಳೋದು ತುತ್ತು ನುಂಗಿದ ಮೇಲೋ, ಮುಂಚೆಯೋ?”

ಅಪ್ಪಯ್ಯ ತಲೆ ತಗ್ಗಿಸಿ ಯೋಚಿಸಿದರು. “ಮುಂಚೆ. ಬಾಯಿಗೆ ಎತ್ತುವಾಗ. ಪ್ರತಿ ಸಲಾನೂ.”

ನಾನು ಕಣ್ಣಾರೆ ಕಂಡಿದ್ದೂ ಅದೇ. ಕಲಸಿದ ತುತ್ತು ಎಲೆಯ ಮೇಲೆ ಹಾಗೆಯೇ ಬಿದ್ದಿತ್ತು. ಬಾಯಿಗೇ ಹೋಗದ ಅನ್ನಕ್ಕೆ ನಾವು ಒಬ್ಬ ಹೆಂಗಸಿನ ಟ್ರಂಕು ಇಳಿಯುವಂತೆ ಮಾಡಿದ್ದೆವು.

“ಅಪ್ಪಯ್ಯ, ಇದನ್ನು ಮನೆಯಲ್ಲಿ ಯಾಕೆ ಹೇಳ್ಲಿಲ್ಲ?” ಎಂದೆ.

“ಯಾರೂ ಕೇಳ್ಲಿಲ್ಲ. ನಂಗೂ ಒಂದು ಅನುಮಾನ ಇತ್ತು ಮಗ. ಹಿಂದಿನ ಊಟದ್ದೇ ಇರಬಹುದು ಅಂತ.”

ಡಾಕ್ಟರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಮಿದುಳಿನಲ್ಲಿ ಗಡ್ಡೆ ಬೆಳೆದರೂ ಕೆಲವೊಮ್ಮೆ ಇಂಥದೇ ಲಕ್ಷಣ ಬರಬಹುದು, ಗಡ್ಡೆಯಾದರೆ ಶಸ್ತ್ರಕ್ರಿಯೆಯ ದಾರಿ ಉಂಟು, ಆದ್ದರಿಂದ ದೂರದ ದೊಡ್ಡ ಆಸ್ಪತ್ರೆಗೆ ಹೋಗಿ ಚಿತ್ರ ತೆಗೆಸಬೇಕು ಎಂದರು. ಅದುವರೆಗೆ ನಿರ್ಜಲ ಉಪವಾಸ ಬೇಡವೆಂದೂ ಕಟ್ಟುನಿಟ್ಟಾಗಿ ಹೇಳಿದರು.

ರೈಲು ಹತ್ತಿ ಆ ಆಸ್ಪತ್ರೆಗೆ ಹೋದೆವು. ಅಲ್ಲಿನ ತಜ್ಞರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಪ್ಪಯ್ಯನಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಒಂದು ಪದ ತಪ್ಪಿದರೆ ಒಂದು ಜೀವದ ಪ್ರಶ್ನೆಯಾದೀತೆಂದು ಹೆದರಿ ಎರಡೆರಡು ಸಲ ಕೇಳಿಕೊಂಡೆ. ಕುತ್ತಿಗೆಯ ನಾಳಕ್ಕೇ ಸೂಜಿ ಚುಚ್ಚಿ ಒಂದು ಬಗೆಯ ದ್ರವವನ್ನು ಹಾಯಿಸುತ್ತಾರೆ. ಅದು ರಕ್ತದೊಂದಿಗೆ ಮೇಲೇರುವಾಗ ಎಕ್ಸ್‌ರೇ ತೆಗೆಯುತ್ತಾರೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ, ಇದರಲ್ಲಿ ನಾಳದ ಒಳದಾರಿ ಕಾಣುತ್ತದೆ. ಅಪಾಯವೂ ಉಂಟು: ಈ ಪರೀಕ್ಷೆಯಿಂದಲೇ ಕೆಲವರಿಗೆ ಪಕ್ಷವಾತ ಆಗಬಹುದು.

ನನಗೆ ಸಂಶಯ ಬಂತು. ವಿದ್ಯಾರ್ಥಿಗಳ ಒಂದು ಗುಂಪು ಹಾಸಿಗೆಯ ಸುತ್ತ ನಿಂತಿತ್ತು. ಇದು ನಮ್ಮ ಒಳ್ಳೆಯದಕ್ಕೋ ಅವರ ಕಲಿಕೆಗೋ? ಸಹಿ ಹಾಕುವುದು ಬೇಡ, ಮನೆಗೆ ಹೋಗೋಣ ಎಂದು ಅಪ್ಪಯ್ಯನಿಗೆ ಮೆಲ್ಲಗೆ ಹೇಳಿದೆ.

ಅಪ್ಪಯ್ಯ ಒಪ್ಪಲಿಲ್ಲ. “ಆ ಮುದುಕ ಕಷಾಯ ಕೊಡುವಾಗ ಎಂಥದೂ ಆಗಲ್ಲ ಅಂದ. ಇವರು ಕೆಡಬಹುದು ಅಂತ ಮೊದಲೇ ಹೇಳ್ತಾ ಇದ್ದಾರೆ. ಕೆಡಬಹುದು ಅಂದವರ ಮಾತು ನಂಬಬಹುದು ಅಂತ ನಂಗೆ ಅನ್ನಿಸ್ತದೆ. ಮತ್ತೆ, ಗೊತ್ತಾಗದೆ ಊರಿಗೆ ಹೋದ್ರೆ ನಿನ್ನ ಅತ್ತೆ ಗತಿ ಎಂಥದು?”

ಅತ್ತೆಯನ್ನು ಕಳಿಸುವ ಮಾತು ಬಂದಾಗಿನ ಅಪ್ಪಯ್ಯನ ಮೌನದ ಕೆಳಗೆ ಏನಿತ್ತೆಂದು ನನಗೆ ಆಗ ತಿಳಿಯಿತು. ಅಪ್ಪಯ್ಯ ಸಹಿ ಹಾಕಿದರು.

ದ್ರವ ಹಾಯಿಸುವಾಗ ಮುಖದ ಒಂದು ಪಕ್ಕಕ್ಕೆ ಕೆಂಡ ಸುರಿದ ಹಾಗಾಯಿತೆಂದು ಆಮೇಲೆ ಹೇಳಿದರು. ಬೇರೆ ತೊಂದರೆಯಾಗಲಿಲ್ಲ. ತಜ್ಞರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಗಡ್ಡೆ ಇರಲಿಲ್ಲ. ದವಡೆಯ ಕೆಳಗೆ ನಾಳ ಎರಡಾಗಿ ಕವಲೊಡೆಯುವ ಕಡೆ, ಮಿದುಳಿಗೆ ಹೋಗುವ ಕವಲು ಡಮರುವಿನ ಸೊಂಟದ ಹಾಗೆ ಸಣಕಲಾಗಿ, ಮತ್ತೆ ಮೇಲೆ ಅಗಲವಾಗಿತ್ತು. ಒಳಗೋಡೆಗೆ ಕೊಬ್ಬಿನಂಥ ಪದಾರ್ಥ ವರ್ಷಗಟ್ಟಲೆ ಅಂಟಿ ಗಟ್ಟಿಯಾದದ್ದು ಅದು. ಪರದೇಶದಲ್ಲಿ ನಾಳ ಬಿಚ್ಚಿ ಅದನ್ನು ಕೆರೆದು ತೆಗೆಯಲು ಆರಂಭಿಸಿದ್ದಾರೆ, ನಮ್ಮಲ್ಲಿ ಇನ್ನೂ ಇಲ್ಲ ಎಂದರು. ನೀರು ಬಿಡಬಾರದು, ಉಪವಾಸ ಮಾಡಿ ಏರು ಹತ್ತಬಾರದು, ಹೊಗೆಸೊಪ್ಪು ಮುಟ್ಟಬಾರದು. ಹೊಗೆಸೊಪ್ಪೇ ಕಾರಣವೆಂದು ಖಚಿತವಾಗಿ ಹೇಳಲಾರೆ, ಆದರೆ ಅದರಿಂದ ಒಳ್ಳೆಯದಂತೂ ಆಗಿಲ್ಲ ಎಂಬುದು ಅವರ ಮಾತು.

ಊರಿಗೆ ಬಂದ ದಿನ ಅಮ್ಮ ಕೇಳಿದ ಮೊದಲ ಮಾತು, “ಎಂಥದು ಅಂದ್ರು?” ನಾನು ರಕ್ತನಾಳ, ಮಿದುಳು ಎಂದು ಆರಂಭಿಸಿದೆ. ಅಮ್ಮನ ತಲೆಗೆ ಏನೂ ಇಳಿಯಲಿಲ್ಲ. ಅಪ್ಪಯ್ಯ ನನ್ನನ್ನು ತಡೆದು, ಅಮ್ಮನನ್ನೂ ಅತ್ತೆಯನ್ನೂ ಹಿತ್ತಲಿಗೆ ಕರೆದರು. ಹಿಂದಿನ ಗುಡ್ಡದ ಒರತೆಯಿಂದ ಅಡಿಕೆಮರ ಸೀಳಿ ತೋಡಿದ ದಬ್ಬೆಗಳ ಮೂಲಕ ನಮ್ಮ ಮನೆಗೆ ಅಬ್ಬಿ ನೀರು ಬರುತ್ತಿತ್ತು.

“ಮಳೆಗಾಲದಲ್ಲಿ ಈ ದಬ್ಬೆ ಅರ್ಧ ಪಾಚಿ ಕಟ್ಟಿದ್ರೂ ಹಂಡೆ ತುಂಬ್ತದೆ. ಯಾಕೆ?”

“ಮೇಲೆ ನೀರು ಜೋರಿರ್ತದೆ” ಎಂದರು ಅಮ್ಮ.

“ಬೇಸಿಗೇಲಿ?”

“ತುದಿಗೆ ಬರೋದೇ ಇಲ್ಲ.”

“ನಂಗೆ ಪಾರಣೆ ದಿನ ಅಂದ್ರೆ ಬೇಸಿಗೆ. ನೀರೇ ಕುಡಿದಿಲ್ಲ, ಅದರ ಮೇಲೆ ಏರು ಹತ್ತಿ ಬಂದಿರ್ತೀನಿ. ಆ ಮುದುಕನ ಹತ್ರ ವಾಂತಿ ಆದಾಗ್ಲೂ ಮೈಯ ನೀರೆಲ್ಲ ಹೋಗಿತ್ತು. ಇಲ್ಲಿ ಪಾಚಿ ಕಟ್ಟಿದೆ” ಎಂದು ಕುತ್ತಿಗೆಯ ಎಡಪಕ್ಕ ಮುಟ್ಟಿ ತೋರಿಸಿದರು. “ಕೈ ಬೀಳೋದು ತುತ್ತು ಬಾಯಿಗೆ ಹೋಗೋ ಮುಂಚೆ. ತಂಗಿ ಅನ್ನ ನನ್ನ ಒಳಗೆ ಹೋಗೇ ಇರ್ಲಿಲ್ಲ.”

ಅಮ್ಮ ದಬ್ಬೆಯೊಳಗೆ ಬೆರಳಾಡಿಸಿ ಪಾಚಿಯನ್ನು ನೋಡಿದರು. ಸಂಶಯ ಅಷ್ಟು ಬೇಗ ಸೋಲುವುದಲ್ಲ.

“ಆಯ್ತು. ನಿಮ್ಮ ದಬ್ಬೇಲಿ ಪಾಚಿ ಹಾಕಿದ್ದು ಯಾರು?”

“ಡಾಕ್ಟ್ರು ಹೊಗೆಸೊಪ್ಪಿನ ಮೇಲೆ ಅನುಮಾನ ಪಟ್ರು.”

ಅಪ್ಪಯ್ಯನ ಕವಳವನ್ನು, ಎಲೆ, ಸುಣ್ಣ, ಅಡಿಕೆ, ಹೊಗೆಸೊಪ್ಪು ಸಮೇತ, ಮದುವೆಯಾದಂದಿನಿಂದ ಮಡಿಸಿಕೊಡುತ್ತಿದ್ದವರು ಅಮ್ಮ. ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟವರಲ್ಲ.

“ಹಾಗಾದ್ರೆ ಮದ್ದು ಹಾಕಿದ್ದು ನಾನಾ?”

“ದಿನಾ ಮೂರು ಹೊತ್ತು” ಎಂದರು ಅಪ್ಪಯ್ಯ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ಹೊರಗೆ ಬಂತು. “ಅತ್ತಿಗೆ, ಟ್ರಂಕು ಒರೆಸಿ ಇಟ್ಟಿದೀನಿ. ಬೇಕಾದ್ರೆ ನೀವು ತಗೊಂಡು ಹೋಗಿ” ಎಂದರು. ಅಮ್ಮ ನಗಲಿಲ್ಲ. ಒಳಗೆ ಹೋಗಿ, ಟ್ರಂಕನ್ನು ಒಬ್ಬರೇ ಎತ್ತಿ ಅಟ್ಟಕ್ಕೆ ಏರಿಸಿದರು.

ಇದಾದ ಮೇಲೆ ನಮ್ಮ ಮನೆಯಲ್ಲಿ ಬದಲಾದದ್ದನ್ನು ಇದ್ದಂತೆಯೇ ಹೇಳಿ ಮುಗಿಸುತ್ತೇನೆ. ಬಸದಿಯ ಹಿರಿಯರನ್ನು ಕೇಳಿಕೊಂಡು ಅಪ್ಪಯ್ಯ ಉಪವಾಸದ ದಿನವೂ ಕಾಸಿ ಸೋಸಿದ ನೀರು ಕುಡಿಯತೊಡಗಿದರು, ಹೊಗೆಸೊಪ್ಪನ್ನು ಬಿಟ್ಟರು. ಆಮೇಲೆಯೂ ಅಪರೂಪಕ್ಕೆ ಕೈ ಸೋತದ್ದುಂಟು. ಕೆಲವು ವರ್ಷಗಳಲ್ಲಿ ಬಲಗೈಯ ಬೆರಳುಗಳು ಪೆಡಸಾಗಿ, ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅಮ್ಮನ ಪಾಲಿಗೆ ಬಂತು. ಅತ್ತೆ ಎಲ್ಲಿಗೂ ಹೋಗಲಿಲ್ಲ. ಪಾರಣೆಯ ಅಡಿಗೆ ಮತ್ತೆ ಆಕೆಯದೇ ಆಯಿತು, ಆದರೆ ಅಣ್ಣನಿಗೆ ಬಡಿಸುವ ಮುನ್ನ ಅದೇ ಪಾತ್ರೆಯಿಂದ ಒಂದು ತುತ್ತನ್ನು ಅಮ್ಮನ ಕಣ್ಣೆದುರಿಗೆ ತಾನು ತಿನ್ನುವ ರೂಢಿಯನ್ನು ಆಕೆಯೇ ಆರಂಭಿಸಿದರು. ಗಂಡಸರಿಗಿಂತ ಮೊದಲು ಹೆಂಗಸರು ಉಣ್ಣುವುದು ನಮ್ಮಲ್ಲಿ ಇರಲಿಲ್ಲ. ಬೇಡವೆಂದು ಅಪ್ಪಯ್ಯ ಹೇಳಿದರು. ಅಮ್ಮ ಮಾತ್ರ ಬೇಡವೆನ್ನಲಿಲ್ಲ. ಅತ್ತೆ ಇರುವವರೆಗೂ ಅದನ್ನು ಬಿಡಲಿಲ್ಲ.